ಪುಣ್ಯಕೋಟಿ ಕರುವಿಗೂ ಸತ್ಯವನ್ನೇ ಹೇಳಿದ್ದಳು: ಸಾವು ಕಂಡ ಮಕ್ಕಳಿಗೆ ಪ್ರಾಣಿಗಳ ಕಥೆ

(ಬೀದರ್, ಭಾಲ್ಕಿ, ಔರಾದ್ ಭಾಗದ ಶಿಕ್ಷಕರು ಮತ್ತು ಪಾಲಕರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಸಂಚಿಕೆಯ ಬರಹ ರೂಪ ಇದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ. ಸಾವು ಮತ್ತು ಆತ್ಮಹತ್ಯೆಯ ಪ್ರಸ್ತಾಪ ಇದೆ. ಸಣ್ಣ ಮಕ್ಕಳು ಪಕ್ಕದಲ್ಲಿದ್ದರೆ ಮೊದಲು ನೀವೊಬ್ಬರೇ ಓದಿಕೊಳ್ಳಿ.)

ಇವತ್ತು ಮಕ್ಕಳ ಕಥೆಗಳ ಬಗ್ಗೆ ಮಾತಾಡೋಣ. ಅದರಲ್ಲೂ ಪ್ರಾಣಿಗಳ ಕಥೆ. ತಾಯಿಯನ್ನು ಕಳಕೊಳ್ಳಲಿರುವ ಕರು, ಮರಿಗಳನ್ನು ಹಾವಿಗೆ ಕೊಟ್ಟ ಕಾಗೆ, ಮಳೆಗೆ ಮನೆ ಕೊಚ್ಚಿಹೋದ ಕಾಗಕ್ಕ, ಇಂಥವು. ಇವನ್ನು ನಾವು ನೀತಿ ಹೇಳೋದಕ್ಕೆ ಬಳಸ್ತೇವೆ, ತುತ್ತು ತಿನ್ನಿಸೋದಕ್ಕೆ ಬಳಸ್ತೇವೆ, ನಿದ್ದೆ ಮಾಡಿಸೋದಕ್ಕೂ ಬಳಸ್ತೇವೆ. ಆದರೆ ಮನೆಯಲ್ಲೇ ಒಂದು ಸಾವು ಆದಾಗ, ದೊಡ್ಡವರೆಲ್ಲ ಗುಸುಗುಸು ಮಾತಾಡಿಕೊಳ್ಳುವಾಗ, ಮೂಲೆಯಲ್ಲಿ ಕೂತ ಎಂಟು ವರ್ಷದ ಮಗುವಿಗೆ ಇದೇ ಕಥೆ ಹೇಳಬಹುದಾ? ಹೇಳಿದರೆ ಯಾವುದನ್ನು, ಹೇಗೆ? ಇವತ್ತಿನ ಪ್ರಶ್ನೆ ಅದು.

ಬೀದರ್ ಜಿಲ್ಲೆಯಲ್ಲಿ ಕೂತು ಈ ಪ್ರಶ್ನೆ ಕೇಳೋದಕ್ಕೆ ಕಾರಣ ಇದೆ. ಕೋವಿಡ್‌ನ ಎರಡನೇ ಅಲೆಯಲ್ಲಿ ತಂದೆ ಅಥವಾ ತಾಯಿಯನ್ನು ಕಳಕೊಂಡ ಮಕ್ಕಳು ಇಲ್ಲೂ ಇದ್ದಾರೆ. ಆಗ ಬಾಲವಾಡಿಯಲ್ಲಿದ್ದವರು ಈಗ ಪ್ರಾಥಮಿಕ ಶಾಲೆಯ ಬೆಂಚಿನ ಮೇಲಿದ್ದಾರೆ. ಸಾಲ, ಬೆಳೆ ಹಾನಿಯ ನಡುವೆ ಅಪ್ಪ ಜೀವ ಕಳಕೊಂಡ ಮನೆಗಳಿವೆ. ಔರಾದ್ ಕಡೆಯಿಂದ ಹೈದರಾಬಾದಿಗೆ, ಪುಣೆಗೆ, ಮುಂಬೈಗೆ ದುಡಿಯೋಕೆ ಹೋದವರ ಮಕ್ಕಳು ಮುತ್ಯಾ, ಆಯಿ ಹತ್ತಿರ ಉಳಿದಿದ್ದಾರೆ. ಅದು ಸಾವಲ್ಲ, ಆದರೆ ಮಗುವಿನ ಲೆಕ್ಕದಲ್ಲಿ ಅಗಲಿಕೆಯೇ. ಇನ್ನು ಸ್ವಲ್ಪ ವಯಸ್ಸಾದವರನ್ನು ಕೇಳಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಣಪತಿ ಕಳಿಸಿ ಬಂದು ಮಲಗಿದವರ ಮೇಲೆ ಕಿಲ್ಲಾರಿ ಕಡೆ ಮನೆಗಳು ಕುಸಿದವು. ಪಕ್ಕದ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ನೆಲ ನಡುಗಿದ್ದು ಬೀದರಿಗೂ ಗೊತ್ತಾಯಿತು. ಆವತ್ತು ಹತ್ತು ವರ್ಷದವರಾಗಿದ್ದವರಿಗೆ ಈಗ ನಲವತ್ತು ದಾಟಿದೆ. ಆ ರಾತ್ರಿ ಏನಾಯಿತು ಅಂತ ಅವರಿಗೆ ಯಾರಾದರೂ ಕೂರಿಸಿಕೊಂಡು ಹೇಳಿದ್ದರಾ ಅಂತ ಕೇಳಿ ನೋಡಿ.

ಸರಿ, ಕಥೆಗೆ ಬರೋಣ. ಕನ್ನಡದಲ್ಲಿ ಮಕ್ಕಳಿಗೆ ಸಾವಿನ ಬಗ್ಗೆ ಹೇಳುವ ಪ್ರಾಣಿ ಕಥೆ ಯಾವುದು ಅಂದರೆ ಹೊರಗಿನಿಂದ ತರಬೇಕಾಗಿಲ್ಲ. ನಮ್ಮೆಲ್ಲರ ಬಾಯಲ್ಲಿದೆ. ಗೋವಿನ ಹಾಡು.

ಕರುವಿನ ಕಡೆಯಿಂದ ನೋಡಿದರೆ

ಪುಣ್ಯಕೋಟಿಯ ಕಥೆ ಹೊಸದಾಗಿ ಹೇಳಬೇಕಿಲ್ಲ. ಗೊಲ್ಲನ ದೊಡ್ಡಿಯ ಹಸು, ಹಸಿದ ಹುಲಿ, ಕರುವಿಗೆ ಒಂದು ಸಲ ಹಾಲು ಕೊಟ್ಟು ಬರ್ತೀನಿ ಅಂತ ಹಸು ಕೊಡುವ ಮಾತು, ಮಾತಿನಂತೆ ವಾಪಸ್ ಬರೋದು. ಶಾಲೆಯಲ್ಲಿ ಇದನ್ನು ತಲೆಮಾರುಗಳಿಂದ ಕಲಿಸ್ತಾ ಬಂದಿದ್ದೇವೆ. ಕೊನೆಗೆ ಕೇಳುವ ಪ್ರಶ್ನೆ ಒಂದೇ: ಈ ಪದ್ಯದಿಂದ ಏನು ಕಲಿತಿರಿ? ಉತ್ತರವೂ ಒಂದೇ: ಸತ್ಯವನ್ನೇ ನುಡಿಯಬೇಕು.

ಹುಲಿಗೆ ಕೊಟ್ಟ ಮಾತಿನ ಮೇಲೇ ನಮ್ಮ ಕಣ್ಣು. ಆದರೆ ಆ ಹಾಡಿನ ನಡುಭಾಗ ಇದೆಯಲ್ಲ, ಹಸು ದೊಡ್ಡಿಗೆ ಬಂದ ಮೇಲಿನ ಭಾಗ, ಅದನ್ನು ಇನ್ನೊಮ್ಮೆ ಓದಿ. ಅಲ್ಲಿ ಪುಣ್ಯಕೋಟಿ ಮೂರು ಕೆಲಸ ಮಾಡ್ತಾಳೆ. ಮೊದಲು ಕರುವಿಗೆ ಹಾಲು ಕೊಡ್ತಾಳೆ. ಆಮೇಲೆ ತಾನು ಸಾಯೋಕೆ ಹೋಗ್ತಿದ್ದೀನಿ ಅನ್ನೋದನ್ನು ಕರುವಿಗೆ ನೇರವಾಗಿ ಹೇಳ್ತಾಳೆ. ಪೇಟೆಗೆ ಹೋಗ್ತೀನಿ ಅನ್ನೋದಿಲ್ಲ, ನಾಳೆ ಬರ್ತೀನಿ ಅನ್ನೋದಿಲ್ಲ. ಇನ್ನು ಯಾರ ಹತ್ತಿರ ಹೋಗಲಿ, ಯಾರ ಹಾಲು ಕುಡಿಯಲಿ, ಯಾರ ಪಕ್ಕ ಮಲಗಲಿ ಅಂತ ಕರು ಕೇಳುತ್ತೆ. ಆ ಪ್ರಶ್ನೆಯನ್ನು ಅವಳು ಹಾರಿಸೋದಿಲ್ಲ. ಮೂರನೆಯದಾಗಿ, ದೊಡ್ಡಿಯ ಉಳಿದ ಹಸುಗಳನ್ನು ಅಕ್ಕತಂಗಿಯರು ಅಂತ ಕರೆದು ಕರುವನ್ನು ಅವರ ಕೈಗೆ ಒಪ್ಪಿಸ್ತಾಳೆ. ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ, ನಿಮ್ಮ ಮಕ್ಕಳ ಹಾಗೆ ನೋಡಿಕೊಳ್ಳಿ ಅನ್ನುವ ಅರ್ಥದಲ್ಲಿ ಬೇಡಿಕೊಳ್ತಾಳೆ.

ಮಕ್ಕಳ ಮನಸ್ಸಿನ ಜೊತೆ ಕೆಲಸ ಮಾಡುವವರು ಹೇಳುವ ಒಂದು ಮಾತಿದೆ. ಮನೆಯಲ್ಲಿ ಸಾವಾದಾಗ ಮಗುವಿನೊಳಗೆ ಮೂರು ಪ್ರಶ್ನೆ ಓಡಾಡ್ತಿರುತ್ತವೆ, ಬಾಯಿ ಬಿಟ್ಟು ಕೇಳದೇ ಇದ್ದರೂ. ಇದು ನನ್ನಿಂದ ಆಯಿತಾ? ನನಗೂ ಹೀಗೇ ಆಗುತ್ತಾ? ಇನ್ನು ನನ್ನನ್ನು ನೋಡಿಕೊಳ್ಳೋರು ಯಾರು? ಗೋವಿನ ಹಾಡು ಈ ಮೂರನೆಯ ಪ್ರಶ್ನೆಗೆ ಹೆಸರು ಹಿಡಿದು ಉತ್ತರ ಕೊಡುತ್ತೆ. ಅಷ್ಟು ಹಳೆಯ ಹಾಡು ಇದನ್ನು ಹೇಗೆ ತಿಳಿದುಕೊಂಡಿತ್ತೋ. ಬಹುಶಃ ಹಾಡಿದವರು ಅಂಥ ಮನೆಗಳನ್ನು ನೋಡಿದ್ದರು.

ಹಾಗಾದರೆ ಪುಣ್ಯಕೋಟಿಯ ಸತ್ಯ ಹುಲಿಗೆ ಮಾತ್ರ ಹೇಳಿದ್ದಲ್ಲ. ಕರುವಿಗೂ ಹೇಳಿದ್ದು. ನನ್ನ ಮಟ್ಟಿಗೆ ಇದೇ ಆ ಹಾಡಿನ ಗಟ್ಟಿ ಭಾಗ. ನಾವು ಮಾಡೋದು ಇದರ ಉಲ್ಟಾ. ಅವ್ವ ಸತ್ತ ಮಗುವಿಗೆ ‘ಊರಿಗೆ ಹೋಗ್ಯಾಳ, ಬರ್ತಾಳ’ ಅಂತೇವೆ. ಮುತ್ಯಾ ಸತ್ತರೆ ‘ಮಲಗ್ಯಾನ, ಎಬ್ಬಿಸಬ್ಯಾಡ’ ಅಂತೇವೆ. ಆಮೇಲೆ ಆ ಮಗು ರಾತ್ರಿ ಮಲಗೋಕೆ ಹೆದರಿದರೆ ದೃಷ್ಟಿ ತೆಗೆಸ್ತೇವೆ.

ಇದೇ ಹಾಡು ಚುಚ್ಚುವ ಜಾಗ

ಇಷ್ಟು ಹೇಳಿ ನಿಲ್ಲಿಸಿದರೆ ಅನ್ಯಾಯ ಆಗುತ್ತೆ. ಯಾಕೆಂದರೆ ಹಾಡಿನ ಕೊನೆಯಲ್ಲಿ ಪುಣ್ಯಕೋಟಿ ಬದುಕಿ ವಾಪಸ್ ಬರ್ತಾಳೆ. ಸತ್ಯ ಹೇಳಿದ್ದಕ್ಕೆ ಬದುಕಿದಳು ಅಂತ ನಾವು ಪಾಠ ಹೇಳ್ತೇವೆ. ಈಗ ಭಾಲ್ಕಿಯ ಯಾವುದೋ ಒಂದು ತರಗತಿ ಅಂತ ಊಹಿಸಿಕೊಳ್ಳಿ. ನಲವತ್ತು ಮಕ್ಕಳು ರಾಗವಾಗಿ ಹಾಡ್ತಿದ್ದಾರೆ. ಅದರಲ್ಲಿ ಒಬ್ಬಳಿಗೆ ತಾಯಿ ಇಲ್ಲ. ಅವಳ ತಲೆಯಲ್ಲಿ ಓಡೋದು ಏನಿರಬಹುದು? ‘ಖರೇ ಹೇಳಿದ್ರ ಅವ್ವ ವಾಪಸ್ ಬರ್ತಾಳ. ನಮ್ಮವ್ವ ಬರ್ಲಿಲ್ಲ. ಹಂಗಾರ ನಮ್ಮವ್ವ ಸುಳ್ಳು ಹೇಳಿದ್ಳಾ? ಇಲ್ಲಾ ನಾ ಏನರ ತಪ್ಪು ಮಾಡೀನಾ?’

ಏಳೆಂಟು ವರ್ಷದ ಮಕ್ಕಳು ಹೀಗೆ ಲೆಕ್ಕ ಹಾಕೋದು ಸಹಜ. ಒಳ್ಳೇದಕ್ಕೆ ಒಳ್ಳೇದು, ಕೆಟ್ಟದ್ದಕ್ಕೆ ಕೆಟ್ಟದ್ದು ಅಂತ ನಾವೇ ಅವರಿಗೆ ಕಲಿಸಿದ ಲೆಕ್ಕ ಅದು. ಆದ್ದರಿಂದ ಅಂಥ ಮಗು ಇರುವ ತರಗತಿಯಲ್ಲಿ ಹಾಡನ್ನು ಬಿಡಬೇಕಿಲ್ಲ, ಆದರೆ ಒಂದು ಮಾತು ಸೇರಿಸಬೇಕು. ಪುಣ್ಯಕೋಟಿ ತಿರುಗಿ ಬರ್ತೀನಿ ಅಂತ ಕರುವಿಗೆ ಹೇಳಿರಲಿಲ್ಲ. ಬಂದದ್ದು ಅವಳಿಗೂ ಗೊತ್ತಿರದ ಸಂಗತಿ. ಎಲ್ಲ ಅವ್ವಂದಿರಿಗೂ ಹಾಗೆ ಬರೋಕೆ ಆಗೋದಿಲ್ಲ, ಅದು ಅವ್ವನ ತಪ್ಪೂ ಅಲ್ಲ, ಕರುವಿನ ತಪ್ಪೂ ಅಲ್ಲ.

ಇನ್ನೊಂದು ಜಾಗ ಹುಲಿಯದು. ಹುಲಿ ತನ್ನ ಪ್ರಾಣವನ್ನು ತಾನೇ ಬಿಡುತ್ತೆ. ಹಾಡಿನಲ್ಲಿ ಅದು ಪಶ್ಚಾತ್ತಾಪ, ಒಂದು ಥರದ ದೊಡ್ಡತನ. ಅಪ್ಪ ಹಾಗೆ ಹೋದ ಮನೆಯ ಹುಡುಗನಿಗೆ ಇದು ಬೇರೆಯಾಗಿ ಕೇಳಿಸುತ್ತೆ. ತಪ್ಪು ಮಾಡಿದವರು, ನಾಚಿಕೆ ಆದವರು ಹೀಗೆ ಸಾಯ್ತಾರೆ, ಹೀಗೆ ಸತ್ತರೆ ಜನ ಹಾಡ್ತಾರೆ ಅಂತ ಅವನ ಮನಸ್ಸಿಗೆ ಬಂದರೆ ಅದು ಒಳ್ಳೇದಲ್ಲ. ಅಂಥ ಮಗು ಮುಂದಿದ್ದರೆ ಹುಲಿಯ ಕೊನೆಯನ್ನು ಹೊಗಳಿ ರಂಗು ಹಚ್ಚಬೇಡಿ. ಹುಲಿ ಬೇರೆ ಏನು ಮಾಡಬಹುದಿತ್ತು, ಯಾರ ಹತ್ತಿರ ಹೋಗಿ ಹೇಳಿಕೊಳ್ಳಬಹುದಿತ್ತು ಅಂತ ಮಕ್ಕಳನ್ನೇ ಕೇಳಿ. ಮಕ್ಕಳ ಹತ್ತಿರ ಉತ್ತರಕ್ಕೆ ಬರ ಇರೋದಿಲ್ಲ.

ಪ್ರಾಣಿಗಳೇ ಯಾಕೆ?

ಪ್ರಾಣಿ ಕಥೆ ಮಗುವಿಗೆ ಕೊಡೋದು ಸ್ವಲ್ಪ ದೂರ. ನಿನಗೆ ಹೇಗನಿಸ್ತಿದೆ ಅಂತ ಕೇಳಿದರೆ ಬಾಯಿ ಕಟ್ಟಿಹೋಗುತ್ತೆ. ಕರುವಿಗೆ ಹೇಗನಿಸಿರಬಹುದು ಅಂದರೆ ಮಾತು ಹೊರಡುತ್ತೆ. ಕರು ಮಾತಾಡ್ತಾ ಮಾತಾಡ್ತಾ ಯಾವಾಗಲೋ ‘ಕರು’ ಹೋಗಿ ‘ನಾ’ ಅಂತ ಆಗಿಬಿಟ್ಟಿರುತ್ತೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ‘ಸಂವಾದ’ ಅನ್ನುವ ಯೋಜನೆ ಸಂಕಷ್ಟದಲ್ಲಿರುವ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ತರಬೇತಿ ಕೊಡುತ್ತೆ. ಅಲ್ಲೂ ಕಥೆ, ಚಿತ್ರ, ಆಟಕ್ಕೆ ದೊಡ್ಡ ಜಾಗ ಇದೆ.

ಹಾಗಂತ ಪ್ರಾಣಿ ಅಂದಕೂಡಲೇ ಮಂತ್ರ ಅಲ್ಲ. 2017ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದವರು ಒಂದು ಅಧ್ಯಯನ ಪ್ರಕಟಿಸಿದರು. ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಹಂಚಿಕೊಂಡು ಬಾಳುವ ಒಂದೇ ಕಥೆಯನ್ನು ಎರಡು ಥರ ಓದಿದರು. ಒಂದರಲ್ಲಿ ಬಟ್ಟೆ ತೊಟ್ಟ ಪ್ರಾಣಿಗಳು, ಇನ್ನೊಂದರಲ್ಲಿ ಮನುಷ್ಯರು. ಆಮೇಲೆ ಸ್ಟಿಕ್ಕರ್ ಕೊಟ್ಟು ನೋಡಿದರೆ, ಮನುಷ್ಯರ ಕಥೆ ಕೇಳಿದ ಮಕ್ಕಳು ಹೆಚ್ಚು ಹಂಚಿಕೊಂಡರು. ಪ್ರಾಣಿಗಳ ಕಥೆ ಕೇಳಿದವರಲ್ಲಿ ಆ ಹೆಚ್ಚಳ ಕಾಣಲಿಲ್ಲ. ಅಂದರೆ ಪ್ರಾಣಿ ಕಥೆಯಿಂದ ನೀತಿಯನ್ನು ತಲೆಗೆ ತುಂಬೋಕೆ ಹೊರಟರೆ ಅದು ನಾವು ಅಂದುಕೊಂಡಷ್ಟು ಕೆಲಸ ಮಾಡೋದಿಲ್ಲ. ದೂರ ಅನ್ನೋದು ಎರಡೂ ಕಡೆ ಕೊಯ್ಯುತ್ತೆ. ದುಃಖವನ್ನು ಮಾತಾಡೋಕೆ ಆ ದೂರ ಅನುಕೂಲ, ಉಪದೇಶ ಮಾಡೋಕೆ ಅನಾನುಕೂಲ.

ಮತ್ತೆ ನಮ್ಮ ಕಡೆಯ ಮಕ್ಕಳಿಗೆ ಹಸು ಅಂದರೆ ಬಟ್ಟೆ ತೊಟ್ಟ ಪ್ರಾಣಿಯೂ ಅಲ್ಲ. ಬೀದರ್, ಲಾತೂರು ಭಾಗದ್ದೇ ಆದ ದೇವಣಿ ತಳಿ ಇದೆ, ಅದರ ಸಂವರ್ಧನಾ ಕೇಂದ್ರ ಹಳ್ಳಿಖೇಡ (ಬಿ)ನಲ್ಲಿದೆ. ಪಶು ವೈದ್ಯಕೀಯ ವಿಶ್ವವಿದ್ಯಾಲಯ ಬೀದರಿನಲ್ಲೇ ಇದೆ. ಕಾರ ಹುಣ್ಣಿಮೆಗೆ, ಗಡಿ ಕಡೆ ಪೋಳಾ ಹಬ್ಬಕ್ಕೆ ಎತ್ತಿನ ಕೊಂಬಿಗೆ ಬಣ್ಣ ಹಚ್ಚಿದ ಮಕ್ಕಳು ಇವರು. 2022ರಲ್ಲಿ ಚರ್ಮಗಂಟು ರೋಗ ಬಂದಾಗ ರಾಜ್ಯದ ಎಷ್ಟೋ ಕೊಟ್ಟಿಗೆಗಳಲ್ಲಿ ದನ ಸತ್ತವು. ಸರ್ಕಾರ ಪರಿಹಾರ ಘೋಷಿಸಿತು: ಹಸುವಿಗೆ 20 ಸಾವಿರ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ ರೂಪಾಯಿ. ಆ ಕರುವಿಗೆ ಹೆಸರಿಟ್ಟ ಮಗು ಊಟ ಬಿಟ್ಟಿದ್ದಕ್ಕೆ ಅರ್ಜಿಯಲ್ಲಿ ಕಾಲಂ ಇರಲಿಲ್ಲ. ಇರಬೇಕು ಅಂತಲೂ ನಾನು ಹೇಳ್ತಿಲ್ಲ. ಆದರೆ ಎಷ್ಟೋ ಮಕ್ಕಳಿಗೆ ಅದೇ ಮೊದಲ ಸಾವು. ಮುಂದೆ ಬರುವ ದೊಡ್ಡ ಸಾವನ್ನು ಅರ್ಥ ಮಾಡಿಕೊಳ್ಳೋಕೆ ಅದು ಸಿಕ್ಕ ಅವಕಾಶ. ‘ದನ ಹೋದ್ರ ಇನ್ನೊಂದು ತರೋಣ, ಅಳಬ್ಯಾಡ’ ಅಂತ ಅದನ್ನು ಮುಚ್ಚಿಬಿಡ್ತೇವೆ.

ದನ ಕಟ್ಟಿದವರಿಗೆ ಇನ್ನೊಂದು ಗೊತ್ತು. ಕರು ಸತ್ತರೆ ಹಸು ಹಾಲು ಇಳಿಸೋದಿಲ್ಲ. ಸತ್ತ ಕರುವಿನ ಚರ್ಮದೊಳಗೆ ಹುಲ್ಲು ತುಂಬಿ ಮುಂದೆ ನಿಲ್ಲಿಸೋ ಹಳೆಯ ಪದ್ಧತಿ ದೇಶದ ಹಲವು ಕಡೆ ಇತ್ತು. ಹಸು ಅದನ್ನು ನೆಕ್ಕುತ್ತಾ ನಿಲ್ಲುತ್ತೆ, ಇವರು ಹಾಲು ಕರೆದುಕೊಳ್ತಾರೆ. ಅದನ್ನು ಬಾಗಿಲಲ್ಲಿ ನಿಂತು ನೋಡುವ ಮಗುವಿಗೆ ಎರಡೂ ತಿಳಿಯುತ್ತೆ: ತಾಯಿ ಹುಡುಕ್ತಾ ಇದ್ದಾಳೆ ಅನ್ನೋದು, ದೊಡ್ಡವರು ಅವಳಿಗೆ ಸುಳ್ಳು ಕರು ಕೊಟ್ಟಿದ್ದಾರೆ ಅನ್ನೋದು.

ಮಕ್ಕಳಿಗೆ ಸಾವು ಯಾವ ವಯಸ್ಸಿಗೆ ಎಷ್ಟು ಅರ್ಥ ಆಗುತ್ತೆ ಅಂತಲೂ ಬೇಗ ಹೇಳಿಬಿಡ್ತೀನಿ. ಹಂಗೇರಿಯ ಮನೋವಿಜ್ಞಾನಿ ಮರಿಯಾ ನಾಗಿ ಅವರ 1948ರ ಅಧ್ಯಯನ ಇವತ್ತಿಗೂ ಉಲ್ಲೇಖ ಆಗುತ್ತೆ. ಐದು ವರ್ಷದೊಳಗಿನವರಿಗೆ ಸಾವು ಅಂದರೆ ಎಲ್ಲೋ ಹೋಗೋದು ಅಥವಾ ನಿದ್ದೆ. ಐದರಿಂದ ಒಂಬತ್ತರವರಿಗೆ ಅದು ಬಂದು ಹಿಡಿದುಕೊಂಡು ಹೋಗುವ ಒಬ್ಬ ವ್ಯಕ್ತಿ. ಒಂಬತ್ತರ ಮೇಲೆ ಅದು ಎಲ್ಲರಿಗೂ ಬರುತ್ತೆ ಅನ್ನೋ ತಿಳಿವಳಿಕೆ. ಆಮೇಲಿನ ಸಂಶೋಧಕರು ಐದರಿಂದ ಏಳರೊಳಗೇ ಹೆಚ್ಚಿನ ಮಕ್ಕಳಿಗೆ ಮುಖ್ಯ ಸಂಗತಿ ತಿಳಿಯುತ್ತೆ ಅಂತಾರೆ. ಸತ್ತವರು ವಾಪಸ್ ಬರೋದಿಲ್ಲ, ಅವರ ಮೈಗೆ ಹಸಿವು ನೋವು ಚಳಿ ಇಲ್ಲ, ಸಾವಿಗೆ ಒಂದು ಕಾರಣ ಇರುತ್ತೆ, ಎಲ್ಲ ಜೀವಕ್ಕೂ ಅದು ಇದೆ. ಈ ನಾಲ್ಕನ್ನು ಮಸುಕು ಮಾಡುವ ಕಥೆ ಆಗತಾನೇ ಕಳಕೊಂಡ ಮಗುವಿಗೆ ಬೇಡ. ಸತ್ತ ಮೊಲ ಕೊನೆಯ ಪುಟದಲ್ಲಿ ಎದ್ದು ಕುಣಿಯುವ ಪುಸ್ತಕವನ್ನು ಆಮೇಲೆ ಯಾವಾಗಲಾದರೂ ಓದಿ.

ಪಂಚತಂತ್ರದಲ್ಲಿ ಯಾರೂ ಅಳೋದಿಲ್ಲ

ಪ್ರಾಣಿ ಕಥೆಯ ವಿಷಯದಲ್ಲಿ ನಮ್ಮ ಭಾಗಕ್ಕೆ ಹಳೆಯ ನಂಟಿದೆ. ಕನ್ನಡದ ಪಂಚತಂತ್ರ ಬರೆದ ದುರ್ಗಸಿಂಹ ಹನ್ನೊಂದನೇ ಶತಮಾನದವನು, ಚಾಲುಕ್ಯ ಜಯಸಿಂಹನ ಆಸ್ಥಾನದಲ್ಲಿ ಅಧಿಕಾರದಲ್ಲಿದ್ದವನು. ಆ ಅರಸರು ಆಮೇಲೆ ಕಲ್ಯಾಣ ಚಾಲುಕ್ಯರು ಅಂತಲೇ ಹೆಸರಾದರು, ಆ ಕಲ್ಯಾಣ ಇವತ್ತಿನ ಬಸವಕಲ್ಯಾಣ, ಇದೇ ಜಿಲ್ಲೆ. ಅದೇ ಕಥೆಗಳು ಇನ್ನೊಂದು ದಾರಿ ಹಿಡಿದು ಪರ್ಷಿಯಾಕ್ಕೆ, ಅಲ್ಲಿಂದ ಅರಬ್ಬಿಗೆ ಹೋದವು. ಕರಟಕ ದಮನಕ ಅನ್ನುವ ನರಿಗಳು ಕಲೀಲ ದಿಮ್ನ ಆದವು. ಬೀದರಿನಲ್ಲಿ ಕನ್ನಡ ಶಾಲೆಯ ಮಗುವೂ ಉರ್ದು ಶಾಲೆಯ ಮಗುವೂ ಬೇರೆ ಬೇರೆ ಬಾಗಿಲಿನಿಂದ ಇದೇ ನರಿಗಳನ್ನು ಭೇಟಿ ಮಾಡಬಹುದು.

ಆದರೆ ದುಃಖಕ್ಕೆ ಪಂಚತಂತ್ರ ಅಷ್ಟು ಒದಗೋದಿಲ್ಲ ಅಂತ ನನಗನಿಸುತ್ತೆ. ಹಾವು ಕಾಗೆಯ ಮರಿಗಳನ್ನು ತಿನ್ನುತ್ತೆ, ಮರುಕ್ಷಣವೇ ಉಪಾಯ ಶುರು. ಚಿನ್ನದ ಸರ ತಂದು ಬಿಲಕ್ಕೆ ಹಾಕು, ಆಳುಗಳು ಬಂದು ಹಾವು ಹೊಡೀತಾರೆ. ಮರಿಗಳ ಬಗ್ಗೆ ಆಮೇಲೆ ಮಾತೇ ಇಲ್ಲ. ರಾಜಕುಮಾರರಿಗೆ ರಾಜನೀತಿ ಕಲಿಸೋಕೆ ಹುಟ್ಟಿದ ಕಥೆಗಳು ಅವು, ಅದನ್ನು ದೂರುವ ಹಾಗಿಲ್ಲ. ಒಂದೇ ಒಂದು ಕಥೆ ಬೇರೆ ಥರ ನಿಲ್ಲುತ್ತೆ. ಮಗುವನ್ನು ಹಾವಿನಿಂದ ಉಳಿಸಿದ ಮುಂಗುಸಿಯನ್ನು ಅದರ ಬಾಯಿಯ ರಕ್ತ ನೋಡಿ ಕೊಂದುಬಿಡುವ ಕಥೆ. ಅಲ್ಲಿ ಪಶ್ಚಾತ್ತಾಪ ಇದೆ, ತಿರುಗಿ ಸರಿಮಾಡೋಕೆ ಆಗದ್ದು ಇದೆ. ಆದರೆ ‘ನನ್ನಿಂದಲೇ ಆಯಿತಾ’ ಅಂತ ಒಳಗೇ ಬೇಯ್ತಿರುವ ಮಗುವಿಗೆ ಅದನ್ನು ಹೇಳೋದು ಗಾಯಕ್ಕೆ ಉಪ್ಪು. ಅಪ್ಪನ ಜೊತೆ ಹಿಂದಿನ ದಿನ ಜಗಳ ಆಡಿ ಮಾತು ಬಿಟ್ಟ ಹುಡುಗನಿಗೆ ಆ ಕಥೆ ಬೇಡವೇ ಬೇಡ.

ಕುವೆಂಪು ಅವರ ಬೊಮ್ಮನಹಳ್ಳಿಯ ಕಿಂದರಿಜೋಗಿ ನೆನಪು ಮಾಡಿಕೊಳ್ಳಿ. ಎಲ್ಲರೂ ಇಲಿಗಳ ಮೆರವಣಿಗೆ ನೆನಪಿಟ್ಟುಕೊಂಡಿರ್ತಾರೆ. ಕೊನೆಗೆ ಎಲ್ಲ ಮಕ್ಕಳೂ ಹೋಗಿ ಕುಂಟನೊಬ್ಬ ಉಳಿಯುತ್ತಾನೆ. ಜೊತೆಯವರೆಲ್ಲ ಹೋಗಿ ತಾನೊಬ್ಬನೇ ಉಳಿಯುವುದು ಏನು ಅನ್ನೋದು ಅಪಘಾತದಲ್ಲಿ, ಭೂಕಂಪದಲ್ಲಿ ಉಳಿದ ಮಕ್ಕಳಿಗೆ ಗೊತ್ತು.

ಹೊರಗಿನ ಪುಸ್ತಕಗಳಲ್ಲಿ ನಾಲ್ಕನ್ನು ಹೇಳ್ತೀನಿ, ಯಾಕೆಂದರೆ ಅವು ಬೇರೆ ಬೇರೆ ಕೆಲಸ ಮಾಡ್ತವೆ. ಅಮೆರಿಕದ ಇ. ಬಿ. ವೈಟ್ 1952ರಲ್ಲಿ ಬರೆದ ‘ಷಾರ್ಲಟ್ಸ್ ವೆಬ್’ನಲ್ಲಿ ಒಂದು ಜೇಡ ತನ್ನ ಗೆಳೆಯ ಹಂದಿಮರಿಯನ್ನು ಕಟುಕರಿಂದ ಉಳಿಸುತ್ತೆ. ತಾನು ಮಾತ್ರ ಕೊಟ್ಟಿಗೆಗೆ ವಾಪಸ್ ಬರೋದಿಲ್ಲ ಅಂತ ಅದೇ ಗೆಳೆಯನಿಗೆ ಹೇಳುತ್ತೆ, ಹಾಗೇ ಸಾಯುತ್ತೆ. ಪುಣ್ಯಕೋಟಿಯ ಹಾಗೇ ನೇರ ಮಾತು, ಆದರೆ ಇಲ್ಲಿ ವಾಪಸ್ ಬರೋದಿಲ್ಲ. ಅದರ ಮರಿಗಳಲ್ಲಿ ಮೂರು ಹಂದಿಯ ಜೊತೆ ಉಳಿಯುತ್ತವೆ, ಯಾವುದೂ ಷಾರ್ಲಟ್ ಆಗೋದಿಲ್ಲ. ಇಂಗ್ಲೆಂಡಿನ ಸೂಸನ್ ವಾರ್ಲಿ ಅವರ 1984ರ ಚಿತ್ರಪುಸ್ತಕದಲ್ಲಿ ಬ್ಯಾಜರ್ ಎಂಬ ಮುದಿ ಪ್ರಾಣಿ ಸಾಯುತ್ತೆ. ಚಳಿಗಾಲವೆಲ್ಲ ಗೆಳೆಯರು ದುಃಖಪಡ್ತಾರೆ, ಆಮೇಲೆ ಒಬ್ಬೊಬ್ಬರೂ ಅದು ತಮಗೆ ಕಲಿಸಿದ್ದನ್ನು ನೆನೆಸಿಕೊಳ್ತಾರೆ. ಕಾಗದ ಕತ್ತರಿಸೋದು, ಟೈ ಕಟ್ಟೋದು, ಅಷ್ಟೇ. ಮುತ್ಯಾ ಹೋದ ಮನೆಗೆ ಇದು ಚೆನ್ನಾಗಿ ಹೊಂದುತ್ತೆ, ಅಲ್ಲಿ ಹಗ್ಗ ಹೊಸೆಯೋದನ್ನೋ ರೊಟ್ಟಿ ಬಡಿಯೋದನ್ನೋ ಹಾಕಿಕೊಳ್ಳಿ.

ಇನ್ನೊಂದು 2000ದಲ್ಲಿ ಬಂದ ಮಾರ್ಗರೆಟ್ ಹೋಮ್ಸ್ ಅವರ ಪುಸ್ತಕ, ಇದು ಸಾವಿಗಿಂತ ಆಘಾತದ ಬಗ್ಗೆ. ರಕೂನ್ ಅನ್ನುವ, ಕಣ್ಣ ಸುತ್ತ ಕಪ್ಪು ಪಟ್ಟೆ ಇರುವ ಪ್ರಾಣಿ ಏನೋ ಭಯಂಕರವಾದದ್ದನ್ನು ನೋಡಿಬಿಡುತ್ತೆ. ಏನು ನೋಡಿತು ಅಂತ ಪುಸ್ತಕ ಕೊನೆವರೆಗೂ ಹೇಳೋದಿಲ್ಲ. ಹೊಟ್ಟೆನೋವು, ಕೆಟ್ಟ ಕನಸು, ಸಿಟ್ಟು, ಇವು ಮಾತ್ರ ಕಾಣಿಸ್ತವೆ. ಒಬ್ಬರ ಹತ್ತಿರ ಕೂತು ಚಿತ್ರ ಬರೆದ ಮೇಲೆ ಒಂದೊಂದೇ ಹೊರಗೆ ಬರುತ್ತೆ. ಏನು ನೋಡಿತು ಅನ್ನೋ ಜಾಗ ಖಾಲಿ ಬಿಟ್ಟದ್ದೇ ಜಾಣತನ, ಯಾಕೆಂದರೆ ಅಲ್ಲಿ ಮಗು ತನ್ನದನ್ನು ಇಟ್ಟುಕೊಳ್ಳುತ್ತೆ. ಬೀದರಿನ ಮಗು ಶಾಲೆಗೆ ಹೋಗೋ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡರೆ ನಾವು ಅಜ್ವಾನ ಕೊಡ್ತೇವೆ. ಕೊಡಿ, ತಪ್ಪಲ್ಲ. ಒಂದು ವಾರ ಆದರೂ ಹೋಗದಿದ್ದರೆ ಈ ಕಥೆ ನೆನಪಿರಲಿ. ಇನ್ನು 2018ರಲ್ಲಿ ಕೋರಿ ಡೋರ್‌ಫೆಲ್ಡ್ ಅವರ ಪುಸ್ತಕದಲ್ಲಿ ಮಗು ಕಟ್ಟಿದ ಗೋಪುರ ಬಿದ್ದುಹೋಗುತ್ತೆ. ಕೋಳಿ, ಕರಡಿ, ಆನೆ ಎಲ್ಲ ಬಂದು ಒಂದೊಂದು ಸಲಹೆ ಕೊಟ್ಟು ಹೋಗ್ತವೆ. ಮೊಲ ಮಾತ್ರ ಸುಮ್ಮನೆ ಒತ್ತಿಕೊಂಡು ಕೂರುತ್ತೆ. ನಮ್ಮ ಕಡೆ ಮಣ್ಣಿಗೆ ಬಂದವರೆಲ್ಲ ಮಗುವಿನ ತಲೆ ಸವರಿ ‘ಗಟ್ಟಿ ಆಗು’ ಅಂದು ಹೋಗೋದು ನೆನಪಾಗುತ್ತೆ.

ಇವು ಕನ್ನಡದಲ್ಲಿ ಸಿಗಬೇಕು ಅಂತ ಕಾಯಬೇಕಿಲ್ಲ, ಬಾಯಲ್ಲಿ ಹೇಳಿದರೂ ಆಗುತ್ತೆ. ಮನೆ ಕಳಕೊಂಡ ಮಕ್ಕಳಿಗಂತೂ ನಮ್ಮದೇ ಕಾಗಕ್ಕ ಗುಬ್ಬಕ್ಕ ಇದ್ದಾರೆ. ಮಾಂಜ್ರಾ ತುಂಬಿ ಹೊಲಗಳಿಗೆ, ಮನೆಗಳಿಗೆ ನೀರು ಬಂದದ್ದನ್ನು ನೋಡಿದ ಮಗುವಿಗೆ ಮಳೆಯಲ್ಲಿ ಮನೆ ಕರಗಿಹೋದ ಕಾಗೆ ಗುಬ್ಬಿಯ ಬಾಗಿಲಲ್ಲಿ ನೆನೆಯುತ್ತಾ ನಿಂತದ್ದು ತಟ್ಟನೆ ತಿಳಿಯುತ್ತೆ. ಗಡಿಯಾಚೆ ಮರಾಠಿಯಲ್ಲಿ ಇದೇ ಕಥೆ ಕಾವೂ ಚಿವೂ ಹೆಸರಲ್ಲಿದೆ. ನಾವು ಹೇಳುವಾಗ ಗುಬ್ಬಿ ಜಾಣೆ, ಕಾಗೆ ದಡ್ಡ ಅಂತ ಮುಗಿಸ್ತೇವೆ. ಬಾಗಿಲ ಹೊರಗೆ ನಿಂತವನ ಕಡೆಯಿಂದ ಹೇಳಿ ನೋಡಿ, ಒಳಗಿನಿಂದ ‘ತಡಿ, ಮಗೂಗ ಸ್ನಾನ ಮಾಡ್ಸಲತ್ತೀನಿ’ ಅನ್ನುವ ಉತ್ತರ ಪರಿಹಾರಕ್ಕೆ ಕಾದು ನಿಂತವರಿಗೆ ಹೇಗೆ ಕೇಳಿಸುತ್ತೆ ಅಂತ.

ಯಾವ ಭಾಷೆಯಲ್ಲಿ ಅಳೋದು

ಇದು ಬೇರೆ ಜಿಲ್ಲೆಯವರಿಗೆ ಅಷ್ಟು ಹೊಳೆಯದ ವಿಷಯ. ಔರಾದ್ ತಾಲೂಕಿನ ಒಂದು ತರಗತಿಯಲ್ಲಿ ಮನೆಯ ಮಾತು ಮರಾಠಿ ಆದವರು, ಲಂಬಾಣಿ ಆದವರು, ಉರ್ದು, ತೆಲುಗು, ಕನ್ನಡದವರು ಒಟ್ಟಿಗೆ ಕೂತಿರಬಹುದು. ಕನ್ನಡ ಅವರಿಗೆ ಪಾಠದ ಭಾಷೆ. ಪಾಠದ ಭಾಷೆಯಲ್ಲಿ ಮಗು ಸರಿಯಾದ ಉತ್ತರ ಹುಡುಕುತ್ತೆ. ತಾಂಡಾದ ಹುಡುಗಿಗೆ ‘ಕರುವಿಗೆ ಹೇಗನಿಸಿತು’ ಅಂದರೆ ‘ದುಃಖವಾಯಿತು’ ಅಂತ ಗ್ರಂಥದ ಪದ ಒಪ್ಪಿಸಿ ಕೂರ್ತಾಳೆ. ಅವಳ ಯಾಡಿ, ಅಂದರೆ ತಾಯಿ, ಹೋದ ಬಗ್ಗೆ ಅವಳಲ್ಲಿರುವ ಮಾತು ಬೇರೆ ಭಾಷೆಯಲ್ಲಿದೆ.

ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ನಾವು ಹೆಮ್ಮೆಯಿಂದ ಹೇಳ್ತೇವೆ. ಮಗುವಿಗೆ ಅದರ ಮನೆಯ ಮಾತು ಬೇಕು ಅನ್ನೋದೇ ಅದರ ಹಿಂದಿದ್ದ ತಿಳಿವಳಿಕೆ. ಅದೇ ತಿಳಿವಳಿಕೆಯಲ್ಲಿ ಇವತ್ತು ಕನ್ನಡ ಶಾಲೆಯೊಳಗೆ ಈ ಒಂದು ಕಥೆಯನ್ನಾದರೂ ಲಂಬಾಣಿಯಲ್ಲೋ ಮರಾಠಿಯಲ್ಲೋ ಹೇಳಿಸಬಹುದು. ಶಿಕ್ಷಕರಿಗೆ ಬಾರದಿದ್ದರೆ ಏಳನೇ ಇಯತ್ತೆಯ ಅಕ್ಕ ಹೇಳಲಿ, ಬಿಸಿಯೂಟದ ಅಮ್ಮ ಹೇಳಲಿ.

ಪುಸ್ತಕ ಬೇಕಾದವರಿಗೆ: ಗ್ರಾಮ ಪಂಚಾಯಿತಿ ಗ್ರಂಥಾಲಯಗಳು, ಈಗ ಅರಿವು ಕೇಂದ್ರ ಅಂತ ಹೆಸರು, ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡ್ತವೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಎಲ್ಲದರಲ್ಲೂ ಚಿತ್ರಕಥೆಗಳು ಪುಕ್ಕಟೆ ಇವೆ.

ಓದುವ ರೀತಿ ಬಗ್ಗೆ ಹೆಚ್ಚೇನಿಲ್ಲ. ಮೊದಲು ನೀವು ಓದಿ, ನಿಮಗೆ ಗಂಟಲು ಕಟ್ಟುವ ಜಾಗ ಎಲ್ಲಿದೆ ನೋಡಿಕೊಳ್ಳಿ. ಸತ್ತ ಅನ್ನೋ ಪದವನ್ನು ನುಂಗಬೇಡಿ. ಮಗು ಅದೇ ಪ್ರಶ್ನೆಯನ್ನು ಹತ್ತು ದಿನ ಕೇಳಿದರೆ ಹತ್ತು ದಿನವೂ ಅದೇ ಉತ್ತರ ಕೊಡಿ, ಉತ್ತರ ಬದಲಾಗೋದಿಲ್ಲ ಅನ್ನೋದನ್ನೇ ಅದು ಪರೀಕ್ಷೆ ಮಾಡ್ತಿರುತ್ತೆ. ಐದು ನಿಮಿಷ ಅತ್ತು ಆರನೇ ನಿಮಿಷಕ್ಕೆ ಗೋಲಿ ಆಡೋಕೆ ಓಡಿದರೆ ‘ಇದಕ್ಕ ಏನೂ ಗೊತ್ತಾಗಂಗಿಲ್ಲ’ ಅನ್ನಬೇಡಿ, ಮಕ್ಕಳ ದುಃಖ ಕಂತಿನಲ್ಲೇ ಬರೋದು. ಎಲ್ಲರ ಮುಂದೆ ಆ ಮಗುವನ್ನೇ ಎಬ್ಬಿಸಿ ನಿಲ್ಲಿಸಿ ಕೇಳೋದಂತೂ ಬೇಡ. ಕರು ಇವತ್ತು ರಾತ್ರಿ ಎಲ್ಲಿ ಮಲಗಿತು ಅಂತ ಇಡೀ ತರಗತಿಗೆ ಒಂದು ಚಿತ್ರ ಬರೆಯೋಕೆ ಹೇಳಿ. ಯಾರ ಕರು ಒಂದೇ ಇದೆ, ಯಾರ ಕರುವಿನ ಪಕ್ಕ ಯಾರಿದ್ದಾರೆ ಅಂತ ನೋಡಿದರೆ ನಿಮಗೆ ಅರ್ಧ ತಿಳಿಯುತ್ತೆ.

ಕಥೆಯ ಕೈಗೆ ನಿಲುಕದ್ದೂ ಇದೆ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಇಲ್ಲ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗಿದೆ, ನೋಡಿದ ಘಟನೆಯನ್ನೇ ಮತ್ತೆ ಮತ್ತೆ ಆಟದಲ್ಲಿ ಮಾಡ್ತಿದೆ, 'ನಾನೂ ಅವ್ವನ ಹತ್ರ ಹೋಗ್ತೀನಿ' ಅಂತಿದೆ ಅಂದರೆ ಪುಸ್ತಕ ಬದಿಗಿಟ್ಟು ವೈದ್ಯರನ್ನು ಕಾಣಿ. ಕೊನೆಯ ಮಾತು ಕಿವಿಗೆ ಬಿದ್ದರಂತೂ ಅದೇ ದಿನ. ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯದ ಶಿಬಿರ ನಡೆಯುತ್ತೆ, ದಿನ ಯಾವುದು ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಬೀದರಿನಲ್ಲಿ ಬ್ರಿಮ್ಸ್ ಆಸ್ಪತ್ರೆ ಇದೆ. ಟೆಲಿ ಮಾನಸ್ ಸಂಖ್ಯೆ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡ್ತಾರೆ. ಮಕ್ಕಳ ಸಹಾಯವಾಣಿ 1098. ಎರಡನ್ನೂ ಶಾಲೆಯ ಗೋಡೆ ಮೇಲೆ ಬರೆಸಿಡಿ, ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ.

ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ. ನಿಮ್ಮ ಮನೆಯಲ್ಲಿ, ತಾಂಡಾದಲ್ಲಿ, ಮೊಹಲ್ಲಾದಲ್ಲಿ ಆಯಿ, ನಾನಿ ಹೇಳುವ ಇಂಥ ಪ್ರಾಣಿ ಕಥೆ ಇದ್ದರೆ ಅವರದೇ ಭಾಷೆಯಲ್ಲಿ ರೆಕಾರ್ಡ್ ಮಾಡಿ ಕಳಿಸಿ.